ಗೋಡೆಗೆ ಮುಖ ಮಾಡಿ ನಿಲ್ಲಿ

ಕಿವಿಯಣ್ಣನ ಅಂಗಡಿಗೆ ಗಿಟಾರ್ ಕೊಳ್ಳಲು ಬಂದವರು ಮೊದಲು ಮಾಡಬೇಕಾದ ಕೆಲಸವೆಂದರೆ ಗೋಡೆಗೆ ಮುಖ ಮಾಡಿ ನಿಲ್ಲುವುದು. ಬಂದವರು ಬ್ಯಾಂಕಿನ ಮ್ಯಾನೇಜರೇ ಆಗಲಿ, ಕಾಲೇಜಿನ ಹುಡುಗಿಯೇ ಆಗಲಿ, ಶಿಕ್ಷೆಗೆ ನಿಂತ ಮಕ್ಕಳ ಹಾಗೆ ಮೂಗು ಸುಣ್ಣಕ್ಕೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಬೆನ್ನ ಹಿಂದೆ ಕಿವಿಯಣ್ಣ ಸ್ಟೂಲಿನ ಮೇಲೆ ಕೂತು ಎರಡು ಗಿಟಾರ್‌ಗಳನ್ನು ಒಂದಾದ ಮೇಲೊಂದು ಬಾರಿಸುತ್ತಾನೆ. ಎರಡರಲ್ಲೂ ಅದೇ ಪುಟ್ಟ ರಾಗ, ಅದೇ ವೇಗ. ಆಮೇಲೆ "ಮೊದಲನೇದಾ, ಎರಡನೇದಾ?" ಎಂದು ಕೇಳುತ್ತಾನೆ. ಬಣ್ಣ ನೋಡುವ ಹಾಗಿಲ್ಲ, ಬೆಲೆ ಕೇಳುವ ಹಾಗಿಲ್ಲ. ಮೂರು ಸಲ ಬಾರಿಸಿದರೂ ಗಿರಾಕಿಗೆ ತೀರ್ಮಾನವಾಗದಿದ್ದರೆ ಆಗ ತೀರ್ಮಾನ ಕಿವಿಯಣ್ಣನದು. ಅವನು ಇದು ಎಂದರೆ ಇದೇ, ಅದರ ಮೇಲೆ ಇನ್ನೊಂದು ಮಾತಿಲ್ಲ.

"ಕಣ್ಣು ಮಹಾ ಮೋಸಗಾರ ಕಣ್ರೀ. ಕಣ್ಣಿನ ಮಾತು ಕೇಳಿ ಕೊಂಡ ಗಿಟಾರು ಆರು ತಿಂಗಳಿಗೆ ಮೂಲೆ ಸೇರುತ್ತೆ. ಕಿವಿ ಮಾತು ಕೇಳಿ ಕೊಂಡಿದ್ದು ತೊಡೆ ಮೇಲಿಂದ ಇಳಿಯಲ್ಲ," ಎನ್ನುವುದು ಅವನ ಸಿದ್ಧಾಂತ. ಮೂವತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದರಿಂದ ಅವನ ನಿಜವಾದ ಹೆಸರು ಅವನ ಗುರುತಿನ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಕಿವಿಯಣ್ಣ ಎಂದರೆ ಕಿವಿಯಣ್ಣ. ಅವನಿಗೆ ಆ ಹೆಸರಿನ ಮೇಲೆ ಸ್ವಲ್ಪ ಜಂಬವೂ ಇತ್ತು, ಸ್ವಲ್ಪ ಏನು, ಸಾಕಷ್ಟೇ ಇತ್ತು.

ಅಂಗಡಿಯಲ್ಲಿ ಮಾರುತ್ತಿದ್ದದ್ದು ರಿಪೇರಿ ಮಾಡಿದ ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗಳು. ಅದರಲ್ಲೂ ಎರಡೇ ಮನೆತನ. ಒಂದಕ್ಕೆ ಕಿವಿಯಣ್ಣ ಮತ್ತು ಅವನ ಹೆಂಡತಿ ಇಟ್ಟ ಹೆಸರು ದೊಡ್ಡಪ್ಪ. ದಪ್ಪ ಮರ, ಉಬ್ಬಿದ ಹೊಟ್ಟೆ, ಮೈಗೆ ಅಂಟು ಹಾಕಿ ಕೂರಿಸಿದ ಕತ್ತು, ಹೆಗಲಿಗೆ ಹಾಕಿಕೊಂಡರೆ ನಿದ್ದೆ ಹೋದ ಮಗುವಿನಷ್ಟು ಭಾರ. ತಂತಿಗಳ ಕೆಳಗೆ ಸದ್ದು ಹಿಡಿಯುವ ಪಿಕಪ್‌ಗಳಲ್ಲಿ ಜೋಡಿ ಸುರುಳಿ. ಮಾತು ದಪ್ಪ, ನಿಧಾನ. ಒಂದು ಸ್ವರ ಮೀಟಿದರೆ ಊಟವಾದ ಮೇಲೆ ಮಾತಿಗೆ ಕೂತ ಹಿರಿಯರ ಹಾಗೆ ಅದು ಏಳುವುದೇ ಇಲ್ಲ. ಇನ್ನೊಂದು ಚಿಕ್ಕಮ್ಮ. ತೆಳು ಮೈ, ಎರಡು ಕೊಂಬು, ನಾಲ್ಕು ಸ್ಕ್ರೂಗಳ ಮೇಲೆ ನಿಂತ ಕತ್ತು, ಪಿಕಪ್‌ಗಳಿಗೆ ಒಂಟಿ ಸುರುಳಿ. ಮಾತು ಚುರುಕು, ಪ್ರತಿ ಅಕ್ಷರವೂ ಬಿಡಿ ಬಿಡಿ, ತುದಿಯಲ್ಲಿ ಒಂದು ಹೊಳಪು. ಬಾರಿಸದೆ ಸುಮ್ಮನಿಟ್ಟಾಗಲೂ ಆಂಪ್ಲಿಫೈಯರ್‌ನೊಳಗೆ ಸಣ್ಣಗೆ ಗೊಣಗುತ್ತಿರುತ್ತದೆ. "ದೊಡ್ಡಪ್ಪನಿಗೆ ಸಿಟ್ಟು ಬರಲ್ಲ, ಚಿಕ್ಕಮ್ಮನಿಗೆ ಸುಮ್ಮನಿರೋಕೆ ಬರಲ್ಲ," ಎಂದು ಕಿವಿಯಣ್ಣ ಗಿರಾಕಿಗಳಿಗೆ ಹೇಳುತ್ತಿದ್ದ. ಎರಡರಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ಅವರನ್ನು ಕಣ್ಣಲ್ಲೇ ಅಳೆದು, "ನಿಮ್ಮ ಮನೆಲಿ ಯಾರು ಮೇಲು?" ಎಂದು ತಿರುಗಿ ಕೇಳುತ್ತಿದ್ದ.

ಹೆಂಡತಿಯ ಜಾಗ ಗೋಡೆಯ ಪಕ್ಕದ ಕಿಟಕಿಯ ಕೆಳಗೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳನ್ನು ಉಜ್ಜಿ ಸಮ ಮಾಡುವುದು ಅವಳ ಕೆಲಸ. ಅದಕ್ಕೆ ಒಂದು ತಗ್ಗು ಮಣೆ, ಹತ್ತಿಯ ಒಂದು ದೊಡ್ಡ ಉಂಡೆ, ತುದಿ ಚೂರು ಮುರಿದ ಒಂದು ಸಣ್ಣ ಸ್ಕ್ರೂಡ್ರೈವರ್. ಆ ಮಣೆಯ ಮೇಲೆ ತಲೆ ತಗ್ಗಿಸಿ ಕೂತರೆ ಅವಳಿಗೆ ಕಾಣುವುದು ಜನರ ಮೊಣಕಾಲಿನ ಕೆಳಗಿನ ಲೋಕ ಮಾತ್ರ. ಚಪ್ಪಲಿ ನೋಡಿಯೇ ಬಂದವರು ಯಾರೆಂದು ಹೇಳುತ್ತಿದ್ದಳು. ಗಿಟಾರ್ ಆರಿಸುವ ವಿಷಯದಲ್ಲಿ ಮಾತ್ರ ಅವಳು ಯಾವತ್ತೂ ಬಾಯಿ ಹಾಕಿದವಳಲ್ಲ. ಕಿವಿಯಣ್ಣನೂ ಕೇಳಿದವನಲ್ಲ.

ಅಂಥ ಅಂಗಡಿಗೆ ಒಂದು ಸೋಮವಾರ ಒಬ್ಬ ಗಿರಾಕಿ ತಾನು ಹಿಂದಿನ ವಾರ ರಿಪೇರಿ ಮಾಡಿಸಿಕೊಂಡು ಹೋಗಿದ್ದ ಚಿಕ್ಕಮ್ಮನನ್ನು ವಾಪಸ್ಸು ತಂದ.

"ಅಣ್ಣಾ, ಇದರೊಳಗೆ ಯಾರೋ ಎಣ್ಣೆ ಕಾಯಿಸ್ತಿದ್ದಾರೆ. ಸಿರ್ರ್ ಅಂತ ಒಂದೇ ಸಮ."

ಕಿವಿಯಣ್ಣ ಅದನ್ನು ಆಂಪ್ಲಿಫೈಯರ್‌ಗೆ ಚುಚ್ಚಿ ಕಿವಿಗೊಟ್ಟ. "ಎಲ್ಲಿ? ಎಂದಿನ ಗೊಣಗಾಟ ಬಿಟ್ರೆ ಏನೂ ಇಲ್ವಲ್ಲ."

ಗಿರಾಕಿ ಕಿಟಕಿಯ ಕೆಳಗಿದ್ದ ಕಿವಿಯಣ್ಣನ ಹೆಂಡತಿಯ ಕಡೆ ನೋಡಿದ. ಹೆಂಡತಿ ಎದ್ದು ಬಂದು, ಗಿಟಾರಿನ ಬೆನ್ನು ಬಿಚ್ಚಿ, ಬೆಸುಗೆ ಹಾಕದೆ ಬಿಟ್ಟಿದ್ದ ಒಂದು ಕಪ್ಪು ತಂತಿಯನ್ನು ಕಿವಿಯಣ್ಣನಿಗೆ ಬೆರಳಲ್ಲಿ ತೋರಿಸಿದಳು. ಬೆಸುಗೆ ಮರೆಯುವುದು ಯಾರಿಗಾದರೂ ಆಗುವಂಥದ್ದೇ. ಆದರೆ ಮರೆತ ಬೆಸುಗೆಯ ಸದ್ದು ಕಿವಿಯಣ್ಣನಿಗೆ ಕೇಳಿಸದೆ ಹೋಗುವುದು ಆಗುವಂಥದ್ದಲ್ಲ. ಅವನು ನಕ್ಕು, "ನೆಗಡಿ, ಕಿವಿ ಕಟ್ಟಿಕೊಂಡಿದೆ," ಎಂದ. ನೆಗಡಿ ಇರಲಿಲ್ಲ. ಅವತ್ತಿನಿಂದ ಅವನ ತಲೆಯೊಳಗೆ ಒಂದು ಹುಳ ಕೂತಿತು.

ಗುರುವಾರ ಬಸ್ಸಿನ ಡ್ರೈವರಮ್ಮ ಬಂದಳು. ನಲವತ್ತೈದರ ಆಸುಪಾಸು, ಅಗಲ ಭುಜ, ಖಾಕಿ ಪ್ಯಾಂಟು. ಅವಳ ವಾರದ ರಜೆ ಗುರುವಾರ. ಡಿಪೋದ ಡ್ರೈವರುಗಳೆಲ್ಲ ಸೇರಿ ಕಟ್ಟಿಕೊಂಡ ಹಾಡಿನ ತಂಡದಲ್ಲಿ ಅವಳೇ ಗಿಟಾರ್.

"ಇಪ್ಪತ್ತು ವರ್ಷ ಡಿಪೋದ ಗಿಟಾರೇ ಬಾರಿಸಿದೀನಿ ಅಣ್ಣ. ಬಸ್ಸು ಡಿಪೋದು, ಯೂನಿಫಾರ್ಮ್ ಡಿಪೋದು, ಗಿಟಾರೂ ಡಿಪೋದು. ನನ್ನದು ಅಂತ ಒಂದು ಬೇಕು. ಒಂದೇ ಕೊಳ್ಳೋದು, ಜೀವಮಾನಕ್ಕೆ. ದೊಡ್ಡಪ್ಪನೋ ಚಿಕ್ಕಮ್ಮನೋ ನನಗೆ ಗೊತ್ತಾಗ್ತಿಲ್ಲ. ನೀವು ಹೇಳಿದ್ದು ತಪ್ಪಲ್ಲ ಅಂತಾರೆ ಎಲ್ಲರೂ."

"ಗೋಡೆಗೆ ಮುಖ ಮಾಡಿ ನಿಲ್ಲಿ," ಎಂದ ಕಿವಿಯಣ್ಣ.

ಆಂಪ್ಲಿಫೈಯರ್‌ನ ಮುಖದ ಮೇಲೆ ನಾಲ್ಕು ಗುಂಡಿಗಳಿದ್ದವು. ಸದ್ದಿನ ಚೂಪು ಹೆಚ್ಚು ಕಡಿಮೆ ಮಾಡುವ ಟ್ರೆಬಲ್ ಗುಂಡಿಯನ್ನು ಅವನು ಎಂದಿನಂತೆ ಎಂಟಕ್ಕೆ ಇಟ್ಟ. ಮೊದಲು ದೊಡ್ಡಪ್ಪ, ಆಮೇಲೆ ಚಿಕ್ಕಮ್ಮ. ಮೂರು ಸಲ ಬಾರಿಸಿದ. ಡ್ರೈವರಮ್ಮ ಗೋಡೆಗೆ ಹಣೆ ಆನಿಸಿ, "ಎರಡೂ ಚೆನ್ನಾಗಿದೆ ಅಣ್ಣ. ನನ್ನ ಕೈಲಾಗಲ್ಲ. ನೀವೇ ಹೇಳಿಬಿಡಿ," ಎಂದಳು.

ಕಿವಿಯಣ್ಣ ಇನ್ನೊಂದು ಸಲ ಬಾರಿಸಿದ, ಈ ಸಲ ತನಗಾಗಿ. ಒಂದು ಜೋರಾಗಿ ಕೇಳಿತು, ಒಂದು ಸ್ವಲ್ಪ ಮೆತ್ತಗೆ ಕೇಳಿತು. ವ್ಯತ್ಯಾಸ ಅಷ್ಟೇ. ಚಿಕ್ಕಮ್ಮ ಎಂದರೆ ಶೀತವಾದ ದೊಡ್ಡಪ್ಪ ಎನ್ನುವ ಹಾಗಿತ್ತು. ಮೂವತ್ತು ವರ್ಷ ಎದುರುಬದುರು ಕೂರಿಸಿ ಮಾತಾಡಿಸಿದ ಇಬ್ಬರು ಇವತ್ತು ಒಂದೇ ಬಾಯಲ್ಲಿ ಮಾತಾಡುತ್ತಿದ್ದರು. ನಾಲಗೆಯ ತುದಿಗೆ "ದೊಡ್ಡಪ್ಪ" ಎಂಬ ಮಾತು ಬಂದಿತ್ತು, ಏಕೆಂದರೆ ಈಚೆಗೆ ಬರುತ್ತಿದ್ದದ್ದು ಅದೊಂದೇ. ಆದರೆ ಸೋಮವಾರದ ಹುಳ ಒಳಗಿಂದ ಕಚ್ಚಿತು.

"ಮುಂದಿನ ಗುರುವಾರ ಬನ್ನಿ. ತಂತಿ ಹಳೇದಾಗಿದೆ, ಬದಲಾಯಿಸಿ ಇಟ್ಟಿರ್ತೀನಿ," ಎಂದ.

ಮಣೆಯ ಮೇಲೆ ಕೂತಿದ್ದ ಹೆಂಡತಿ ತಲೆಯೆತ್ತಿ ಒಂದು ಸಲ ಅವನನ್ನು ನೋಡಿ ಮತ್ತೆ ಉಜ್ಜಲು ತೊಡಗಿದಳು. ಆ ತಂತಿಗಳನ್ನು ಹಿಂದಿನ ದಿನವಷ್ಟೇ ಅವಳೇ ಹಾಕಿದ್ದಳು.

ಆ ವಾರ ಕಿವಿಯಣ್ಣ ಕಳ್ಳನ ಹಾಗೆ ತನ್ನ ಕಿವಿಯನ್ನೇ ಪರೀಕ್ಷಿಸುತ್ತಾ ತಿರುಗಿದ. ಬೀಗದ ಕೈ ಗೊಂಚಲನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ಕಲ್ಲು ಅಲ್ಲಾಡಿದ ಹಾಗೆ ಕೇಳಿತು. ಒಳಕೋಣೆಯಲ್ಲಿ ಚಹಾಕ್ಕೆ ಇಟ್ಟ ಕೆಟಲ್ ಶಿಳ್ಳೆ ಹಾಕುವುದನ್ನು ತಾನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಯೋಚಿಸಿದ. ನೆನಪಾಗಲಿಲ್ಲ. ಯಾವಾಗಲೂ ಹೆಂಡತಿಯೇ ಎದ್ದು ಹೋಗಿ ಇಳಿಸುತ್ತಿದ್ದಳು, ತಾನು ಅದನ್ನು ಅವಳ ಚುರುಕುತನ ಎಂದುಕೊಂಡಿದ್ದ. ಅವನಿಗೆ ಭಯವಾಯಿತು. ಸಾಯುವ ಭಯವಲ್ಲ, ಅದಕ್ಕೆ ಅವನು ಅಷ್ಟು ತಲೆ ಕೆಡಿಸಿಕೊಂಡವನಲ್ಲ. ಕಿವಿ ಇಲ್ಲದ ಕಿವಿಯಣ್ಣ ಯಾರಿಗೆ ಬೇಕು ಎಂಬ ಭಯ. ಗಾರೆಯವನಿಗೆ ಕರಣೆ ಹೋದರೆ ಇನ್ನೊಂದು ಕೊಳ್ಳಬಹುದು. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಆದರೂ ಮನುಷ್ಯನ ಮನಸ್ಸು ನೋಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಂಗಳವಾರದ ಹೊತ್ತಿಗೆ ಕಿವಿಯಣ್ಣ ತಪ್ಪೆಲ್ಲ ಆಂಪ್ಲಿಫೈಯರ್‌ನದೇ ಎಂದು ತೀರ್ಮಾನಿಸಿಬಿಟ್ಟಿದ್ದ. ಹಳೆಯ ಪೆಟ್ಟಿಗೆ, ಒಳಗೆ ಏನೋ ಸೋತಿರಬೇಕು. ಹೆಂಡತಿ ತರಕಾರಿಗೆಂದು ಹೋದ ಹೊತ್ತು ನೋಡಿ ಚಿಕ್ಕಮ್ಮನನ್ನು ಚುಚ್ಚಿ ಬಾರಿಸಿದ. ಮೊಂಡು. ಟ್ರೆಬಲ್ ಗುಂಡಿಯನ್ನು ಎಂಟರಿಂದ ಒಂಬತ್ತಕ್ಕೆ ತಿರುಗಿಸಿದ. ಮೊಂಡು. ಹತ್ತಕ್ಕೆ ತಿರುಗಿಸಿದ. ಗುಂಡಿಯ ಗೆರೆ ಹತ್ತನ್ನು ಮುಟ್ಟಿತು, ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದು ಅಂಕಿಗಳನ್ನೆಲ್ಲ ದಾಟಿ, ಏನೂ ಬರೆಯದ ಬೋಳು ತಗಡಿನ ಮೇಲೆ ಹೋಗಿ, ಇನ್ನೂ ಸುಮಾರು ದೂರ ತಿರುಗಿ ಕೊನೆಗೆ ಟಕ್ಕೆಂದು ನಿಂತಿತು.

ಅಂದರೆ ಗುಂಡಿ ತಪ್ಪಾಗಿ ಕೂತಿತ್ತು. ತಾನು ಎಂಟು ಎಂದು ಇಡುತ್ತಿದ್ದದ್ದು ನಿಜಕ್ಕೂ ನಾಲ್ಕು. ಈಗ ಪೂರ್ತಿ ತಿರುಗಿದ ಗುಂಡಿಯಲ್ಲಿ ಚಿಕ್ಕಮ್ಮನ ತಂತಿ ಮೀಟಿದ. ಆಹಾ! ಅದೇ ಮಾತು, ಅದೇ ಬಿಡಿ ಬಿಡಿ ಅಕ್ಷರ, ತುದಿಯಲ್ಲಿ ಅದೇ ಹೊಳಪು. ಎಷ್ಟು ವರ್ಷವಾಯಿತು ಕೇಳಿ! "ನನ್ನ ಕಿವಿಗೇನಾಗಿದೆ? ಏನೂ ಆಗಿಲ್ಲ!" ಎಂದು ತನ್ನಷ್ಟಕ್ಕೆ ನಗುತ್ತಾ, ಖುಷಿಯಲ್ಲಿ ಮೇಲಿನ ತಂತಿ ಕೆಳಗಿನ ತಂತಿ ಒಂದೂ ಬಿಡದೆ ಬಾರಿಸತೊಡಗಿದ.

ಪಕ್ಕದಂಗಡಿಯ ಟೈಲರ್ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. "ಏನಣ್ಣಾ ಇದು, ಗಿಟಾರೋ ತಗಡು ಕೊಯ್ಯೋ ಗರಗಸವೋ? ಹಲ್ಲೆಲ್ಲ ಜುಂ ಅಂತಿದೆ! ನನ್ನ ಗಿರಾಕಿ ಅರ್ಧ ಅಳತೆ ಕೊಟ್ಟು ಎದ್ದು ಹೋದ್ಲು!"

ಕಿವಿಯಣ್ಣನ ಕೈ ತಂತಿಯ ಮೇಲೆಯೇ ನಿಂತಿತು. ಅವನು ಟೈಲರನ ಮುಖ ನೋಡಿದ. ಆ ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾದ ನೋವಿತ್ತು. ತನಗೆ ಈಗಷ್ಟೇ ಸರಿಯಾಗಿ ಕೇಳಿದ್ದು ಉಳಿದವರಿಗೆ ತಡೆಯಲಾರದಷ್ಟು ಚೂಪು. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ಯಾವ ಡಾಕ್ಟರೂ ಮಾಡಲಾರ.

ಟೈಲರ್ ಹೋದ ಮೇಲೆ ಅವನು ಗುಂಡಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಪಕ್ಕದಲ್ಲಿ ಅದನ್ನು ಬಿಗಿ ಮಾಡುವ ಪುಟ್ಟ ಸ್ಕ್ರೂ. ಸ್ಕ್ರೂವಿನ ತಲೆಯ ಮೇಲೆ ಒಂದು ಬದಿಗೆ ಮಾತ್ರ ಗೀರು. ತುದಿ ಮುರಿದ ಸ್ಕ್ರೂಡ್ರೈವರ್ ಇಡೀ ಅಂಗಡಿಯಲ್ಲಿ ಇದ್ದದ್ದು ಒಂದೇ.

ಹೆಂಡತಿ ಚೀಲ ಹಿಡಿದು ಒಳಗೆ ಬಂದಾಗ ಅವನು ಗುಂಡಿಯನ್ನು ಅಂಗೈ ಮೇಲಿಟ್ಟುಕೊಂಡು ಕೂತಿದ್ದ. ಅವಳು ನೋಡಿದಳು. ಚೀಲ ಕೆಳಗಿಟ್ಟು ಮಣೆಯ ಮೇಲೆ ಕೂತಳು.

"ಯಾವಾಗಿಂದ?" ಎಂದ.

"ಎರಡು ವರ್ಷ ಆಯ್ತು ರೀ."

"ಎರಡು ವರ್ಷದಿಂದ ನನ್ನ ಕಿವಿ ಮೇಲೆ ಹೂವಿಟ್ಟಿದ್ದೀಯ."

"ನಾಲ್ಕರಲ್ಲಿ ಇಡ್ತಿದ್ರಿ, ಐದಾಯ್ತು, ಆರಾಯ್ತು. ಎಂಟಕ್ಕೆ ಬಂದಾಗ ಬಂದವರೆಲ್ಲ ಗೋಡೆ ಕಡೆ ತಿರುಗಿ ಮುಖ ಹಿಂಡ್ತಿದ್ರು. ನಿಮಗೆ ಅವರ ಬೆನ್ನು ಕಾಣ್ತಿತ್ತು, ತಲೆಯೆತ್ತಿದ್ರೆ ನನಗೆ ಮುಖ ಕಾಣ್ತಿತ್ತು. ಇನ್ನೇನು ಮಾಡ್ಲಿ?"

"ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಮರುದಿನವೇ ಅಂಗಡಿಗೆ ಬೀಗ ಹಾಕ್ತಿದ್ರಿ. ನಿಮ್ಮನ್ನ ನಾನು ಇವತ್ತು ನೋಡ್ತಿದ್ದೀನಾ?"

ಅದು ನಿಜ. ನಿಜವಾಗಿದ್ದರಿಂದಲೇ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಅವತ್ತು ಅವನು ಮಾತು ಬಿಟ್ಟ. ಅವಳು ತಟ್ಟೆ ಇಟ್ಟಳು, ಅವನು ಉಂಡ. ಅವಳು ಕೆಟಲ್ ಇಳಿಸಿದಳು, ಅವನು ಕುಡಿದ. ಬುಧವಾರ ಬೆಳಿಗ್ಗೆಯೂ ಅದೇ. ಮದುವೆಯಾಗಿ ಅಷ್ಟು ವರ್ಷವಾದ ಮನೆಯಲ್ಲಿ ಮಾತು ಬಿಡುವುದು ಎಂದರೆ ಅಂಥ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಕೆಲಸಗಳೆಲ್ಲ ತಮ್ಮಷ್ಟಕ್ಕೆ ನಡೆಯುತ್ತವೆ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಬುಧವಾರ ಮಧ್ಯಾಹ್ನ ಅವನೇ ಸೋತ. "ಆ ಎರಡು ವರ್ಷದಲ್ಲಿ ನಾನು ಆರಿಸಿಕೊಟ್ಟಿದ್ದೆಲ್ಲ?"

ಹೆಂಡತಿ ಗೋಡೆಯ ಕಡೆ ಕೈ ತೋರಿಸಿದಳು. ಮೊಳೆಗಳ ಮೇಲೆ ಮಾರಾಟವಾಗದ ಗಿಟಾರ್‌ಗಳು ಸಾಲಾಗಿ ನೇತಾಡುತ್ತಿದ್ದವು. ದಿನಾ ನೋಡುವ ಗೋಡೆ. ಅವನು ಈಗ ಎಣಿಸಿದ. ಚಿಕ್ಕಮ್ಮಂದಿರು ಹನ್ನೊಂದು, ದೊಡ್ಡಪ್ಪ ಎರಡು.

"ಎಲ್ಲರಿಗೂ ದೊಡ್ಡಪ್ಪನನ್ನೇ ಕೊಟ್ಟುಬಿಟ್ಟಿದ್ದೀನಿ," ಎಂದ ನಿಧಾನವಾಗಿ.

"ಹೆಚ್ಚಿನವರಿಗೆ."

"ನೀನು ಸುಮ್ಮನಿದ್ದೆ."

"ಸುಮ್ಮನಿದ್ದೆ. ಅದು ನನ್ನ ತಪ್ಪು." ಅವಳು ಹತ್ತಿಯ ಉಂಡೆಯನ್ನು ಬೆರಳಲ್ಲಿ ಹಿಂಜುತ್ತಾ ಕೂತಳು. "ಸದ್ದು ಸರಿ ಮಾಡಿದ್ರೆ ಸಾಕು ಅಂದ್ಕೊಂಡೆ. ಅದರಿಂದ ನಿಮಗೆ ಚಿಕ್ಕಮ್ಮ ಪೂರ್ತಿ ಕೇಳಿಸದೇ ಹೋಗುತ್ತೆ ಅಂತ ಹೊಳೀಲಿಲ್ಲ. ಹೊಳೆದ ಮೇಲೆ ಹೇಳೋಕೆ ಧೈರ್ಯ ಸಾಲಲಿಲ್ಲ."

ಕಿವಿಯಣ್ಣನಿಗೆ ಬೈಯಬೇಕು ಅನಿಸಿತು, ಆದರೆ ಬೈಯಲು ಯಾರು ಸಿಕ್ಕಿದರೂ ಕೊನೆಗೆ ತಾನೇ ಸಿಗುತ್ತಿದ್ದ. ಬೆನ್ನ ಹಿಂದೆ ಕೂತು ಬಾರಿಸುವವನು ಗಿರಾಕಿಯ ಮುಖವನ್ನು ಒಂದು ಸಲವಾದರೂ ನೋಡಿದ್ದರೆ ಸಾಕಿತ್ತು. ಎರಡು ವರ್ಷದಲ್ಲಿ ಕೊಂಡವರು ಬೇಕಾದರೆ ಬದಲಾಯಿಸಿಕೊಳ್ಳಬಹುದು ಎಂದು ಒಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ. ಕಾರಣ ಬರೆಯಲಿಲ್ಲ. ಕಾರಣ ಬರೆಯಲು ಕೈ ಬರಲಿಲ್ಲ.

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಡ್ರೈವರಮ್ಮ ಬಂದಳು. ಬಂದವಳೇ ಹೇಳಿಸಿಕೊಳ್ಳದೆ ಗೋಡೆಗೆ ಮುಖ ಮಾಡಿ ನಿಂತಳು. "ಇವತ್ತು ತಗೊಂಡೇ ಹೋಗೋದು ಅಣ್ಣ. ಸಂಜೆ ತಂಡದವರೆಲ್ಲ ಡಿಪೋದಲ್ಲಿ ಕಾಯ್ತಿರ್ತಾರೆ, ಏನು ತಂದೆ ಅಂತ ನೋಡೋಕೆ."

ದೊಡ್ಡಪ್ಪ ಎಂದು ಹೇಳಿ ಕಳಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೂ ಸಂತೋಷದಿಂದ ಹೋಗುತ್ತಿದ್ದಳು, ಹೋಗಿ ಇಪ್ಪತ್ತು ವರ್ಷ ಅದನ್ನೇ ಬಾರಿಸುತ್ತಿದ್ದಳು. ಕಿವಿಯಣ್ಣ ಆ ಅಗಲವಾದ ಬೆನ್ನನ್ನೇ ನೋಡುತ್ತಾ ಕೂತ. ದಿನಕ್ಕೆ ಎಷ್ಟೋ ಜನ ಈ ಬೆನ್ನನ್ನು ನಂಬಿ ಹಿಂದೆ ಕೂರುತ್ತಾರೆ. ಈಗ ಅದು ತನ್ನನ್ನು ನಂಬಿ ನಿಂತಿದೆ.

"ಅಮ್ಮಾ, ಈ ಕಡೆ ತಿರುಗಿ," ಎಂದ.

ಅವಳು ತಿರುಗಿದಳು.

"ನನ್ನ ಕಿವಿ ಹೋಗಿದೆ. ಪೂರ್ತಿ ಅಲ್ಲ. ಮೇಲಿನ ಸ್ವರದ ಹೊಳಪು ಕೇಳಿಸಲ್ಲ. ನನಗೆ ಈಗ ಇವೆರಡೂ ಹೆಚ್ಚುಕಡಿಮೆ ಒಂದೇ. ನಾನು ನಿಮಗೆ ಆರಿಸಿಕೊಟ್ಟರೆ ಸುಳ್ಳು ಹೇಳಿದ ಹಾಗೆ."

ಇಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ, ಹೇಳಿದ ಮೇಲೆ ಅಂಗಡಿ ಎಂದಿನಂತೆಯೇ ಇತ್ತು. ಸೂರು ಕಳಚಿ ಬೀಳಲಿಲ್ಲ.

ಡ್ರೈವರಮ್ಮ ನಕ್ಕಳು. "ಅಯ್ಯೋ, ನನಗೂ ಎಡಗಿವಿ ಮಂದ ಅಣ್ಣ. ಇಂಜಿನ್ ಪಕ್ಕ ಕೂತು ಕೂತು. ಅದಕ್ಕೇ ನಾನು ಆರಿಸೋಕೆ ನಿಮ್ಮ ಹತ್ರ ಬಂದಿದ್ದು. ಸರಿ ಹೋಯ್ತು! ಕುರುಡ ಕುರುಡನಿಗೆ ದಾರಿ ಕೇಳಿದ ಹಾಗಾಯ್ತು. ಈಗ ಹೇಳೋರು ಯಾರು?"

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಿವಿಯಣ್ಣನ ತಂದೆಯ ಬಾಯಲ್ಲಿ ಸದಾ ಇರುತ್ತಿತ್ತು. ಅವನು ಕಿಟಕಿಯ ಕೆಳಗಿನ ಮಣೆಯ ಕಡೆ ತಿರುಗಿದ. "ಇವಳು ಹೇಳ್ತಾಳೆ."

"ನಾನಾ?" ಎಂದಳು ಹೆಂಡತಿ. ಆದರೆ ಅವಳ ದನಿಯಲ್ಲಿ ಅಂಥ ಆಶ್ಚರ್ಯವೇನೂ ಇರಲಿಲ್ಲ.

ಕಿವಿಯಣ್ಣ ಟ್ರೆಬಲ್ ಗುಂಡಿಯನ್ನು ಸರಿಯಾಗಿ ಕೂರಿಸಿ ನಾಲ್ಕಕ್ಕೆ ಇಟ್ಟ. ಅಸಲಿ ನಾಲ್ಕು. ದೊಡ್ಡಪ್ಪನನ್ನು ಬಾರಿಸಿದ, ಚಿಕ್ಕಮ್ಮನನ್ನು ಬಾರಿಸಿದ, ಮತ್ತೆ ದೊಡ್ಡಪ್ಪನನ್ನು ಎತ್ತಿಕೊಳ್ಳುವಾಗಲೇ ಹೆಂಡತಿ, "ಸಾಕು. ಚಿಕ್ಕಮ್ಮ," ಎಂದಳು.

"ಇನ್ನೂ ಮೂರು ಸಲ ಆಗಿಲ್ಲ!"

"ಹೋದ ವಾರವೇ ಆಗಿತ್ತು." ಅವಳು ಡ್ರೈವರಮ್ಮನ ಕಡೆ ತಿರುಗಿದಳು. "ದೊಡ್ಡಪ್ಪನನ್ನ ಬಾರಿಸಿದಾಗೆಲ್ಲ ನಿಮ್ಮ ಬಲಗಾಲು ನೆಲ ಒತ್ತುತ್ತೆ. ಬ್ರೇಕ್ ಹಾಕೋ ಹಾಗೆ. ಚಿಕ್ಕಮ್ಮನಿಗೆ ಕಾಲು ಸಡಿಲ ಬಿಡ್ತೀರಿ. ಹೋದ ವಾರ ನಾಲ್ಕು ಸಲವೂ ಹಾಗೇ, ಇವತ್ತೂ ಹಾಗೇ."

ಡ್ರೈವರಮ್ಮ ತನ್ನ ಬಲಗಾಲನ್ನು ಬೇರೆ ಯಾರದೋ ಕಾಲಿನಂತೆ ಬಗ್ಗಿ ನೋಡಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕೂತು ಚಿಕ್ಕಮ್ಮನನ್ನು ತಾನೇ ತೊಡೆಯ ಮೇಲೆ ತೆಗೆದುಕೊಂಡು ನಾಲ್ಕು ಸಾಲು ಬಾರಿಸಿದಳು. ಕಿವಿಯಣ್ಣ ಅವಳ ಕಾಲನ್ನೇ ನೋಡಿದ. ಜೀವನದಲ್ಲಿ ಮೊದಲ ಸಲ ಒಬ್ಬ ಗಿರಾಕಿ ಗಿಟಾರ್ ಬಾರಿಸುವುದನ್ನು ಅವನು ಕಣ್ಣಿಂದ ಕೇಳಿಸಿಕೊಂಡ. ಆ ಕಾಲು ಎಲ್ಲೂ ಒತ್ತಲಿಲ್ಲ. ತಗ್ಗಿನಲ್ಲಿ ತಾನಾಗಿ ಇಳಿಯುವ ಬಸ್ಸಿನಲ್ಲಿದ್ದಂತೆ ಹಗುರಾಗಿತ್ತು.

"ಇದೇ," ಎಂದಳು ಡ್ರೈವರಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳದೆ ಹಾಗೇ ಗಿಟಾರನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, "ಅಕ್ಕಾ, ಇನ್ನು ಮೇಲೆ ನಿಮ್ಮ ಹೆಸರು ಹೇಳ್ತೀನಿ ಎಲ್ಲರಿಗೂ," ಎಂದಳು. "ಅಣ್ಣಂದೂ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳು ಹೋದ ಮೇಲೆ ಕಿವಿಯಣ್ಣ ಷಟರ್ ಅರ್ಧ ಇಳಿಸಿದ. ಊಟದ ಹೊತ್ತಾಗಿತ್ತು. ಇಬ್ಬರೂ ಊಟಕ್ಕೆ ಏಳಲಿಲ್ಲ.

"ಅಂದ್ರೆ ಮೂವತ್ತು ವರ್ಷ ನೀನು ಅಲ್ಲಿ ಕೂತು ಕಾಲು ನೋಡ್ತಿದ್ದೆ."

"ಇನ್ನೇನು ಕಾಣುತ್ತೆ ಅಲ್ಲಿಂದ?"

"ಈ ಎರಡು ವರ್ಷ ಬಿಡು. ಅದಕ್ಕೆ ಮುಂಚೆ, ಕಿವಿ ಸರಿ ಇದ್ದಾಗ ನಾನು ಎಷ್ಟು ಸಲ ತಪ್ಪು ಆರಿಸಿದ್ದೀನಿ? ನಿಜ ಹೇಳು."

ಅವಳು ಯೋಚಿಸಿದಳು. "ಒಂದು ಸಲ," ಎಂದಳು.

ಅವನ ಮುಖ ಅರಳಿತು. ಮೂವತ್ತು ವರ್ಷಕ್ಕೆ ಒಂದೇ! "ಯಾರಿಗೆ?"

"ನಿಮಗೇ."

ಅವನ ಸ್ವಂತ ಗಿಟಾರ್ ಅವರ ಮನೆಯ ಮೂಲೆಯಲ್ಲಿ ನಿಂತಿತ್ತು. ದೊಡ್ಡಪ್ಪ. ಅಂಗಡಿ ತೆರೆದ ವರ್ಷ ಅವನೇ ಆರಿಸಿಕೊಂಡದ್ದು. ಅಂಗಡಿಯ ಯಜಮಾನನ ಹೆಗಲಿಗೆ ಸ್ವಲ್ಪ ತೂಕವಿರುವುದೇ ಚೆಂದ ಎಂದು ಆಗ ಅನಿಸಿತ್ತು. ಅದನ್ನು ಕೊನೆಯ ಸಲ ಎತ್ತಿಕೊಂಡದ್ದು ಯಾವಾಗ ಎನ್ನುವುದೂ ಕೆಟಲ್‌ನ ಶಿಳ್ಳೆಯಷ್ಟೇ ಮರೆತುಹೋಗಿತ್ತು. ದೀಪದ ಬುಡದಲ್ಲೇ ಕತ್ತಲು.

"ಅವತ್ತು ನೀವು ಎರಡನ್ನೂ ಬಾರಿಸಿ ನೋಡಿದ್ರಿ," ಎಂದಳು ಹೆಂಡತಿ. "ಚಿಕ್ಕಮ್ಮನನ್ನ ಬಾರಿಸೋವಾಗ ಜೊತೆಗೆ ಹಾಡ್ತಿದ್ರಿ. ನಿಮಗೇ ಗೊತ್ತಿರಲಿಲ್ಲ, ಬಾಯಿ ತಾನಾಗೇ ಹಾಡ್ತಿತ್ತು. ದೊಡ್ಡಪ್ಪ ಮನೆಗೆ ಬಂದ ಮೇಲೆ ನೀವು ಹಾಡಿದ್ದು ನಾನು ಕೇಳಿಲ್ಲ."

"ಅವತ್ತೇ ಯಾಕೆ ಹೇಳಲಿಲ್ಲ?"

"ಮದುವೆಯಾಗಿ ಮೂರು ತಿಂಗಳಾಗಿತ್ತು ರೀ. ಕಿವಿಯಣ್ಣನ ಎದುರು ನಾನೇನು ಹೇಳ್ಲಿ?"

ಕಿವಿಯಣ್ಣ ಗೋಡೆಯ ಕಡೆ ನೋಡಿದ. ಹತ್ತು ಚಿಕ್ಕಮ್ಮಂದಿರು ನೇತಾಡುತ್ತಿದ್ದರು. "ಈಗ ಹೇಳಿ ಏನು ಬಂತು," ಎಂದ. "ಈಗ ಚಿಕ್ಕಮ್ಮನ ಮಾತು ನನಗೆ ಕೇಳಿಸೋದೇ ಇಲ್ಲ." ಇದನ್ನು ಹೇಳುವಾಗ ಅವನಿಗೆ ಅಳು ಬಂತು. ಅರವತ್ತೆರಡರ ಗಂಡಸು, ಅಳುವುದಕ್ಕೆ ನಾಚಿಕೆಯೂ ಆಯಿತು, ಆದರೂ ಬಂತು.

ಹೆಂಡತಿ ಎದ್ದಳು. ಗೋಡೆಯ ಮೇಲಿಂದ ಒಂದು ಚಿಕ್ಕಮ್ಮನನ್ನು ಇಳಿಸಿ, ಬಟ್ಟೆಯಲ್ಲಿ ಧೂಳು ಒರೆಸಿ, ಅವನ ತೊಡೆಯ ಮೇಲಿಟ್ಟಳು. ಆಂಪ್ಲಿಫೈಯರ್‌ಗೆ ಚುಚ್ಚಿದಳು. ಬಗ್ಗಿ ಟ್ರೆಬಲ್ ಗುಂಡಿಯನ್ನು ನಾಲ್ಕರಿಂದ ಐದಕ್ಕೆ, ಆರಕ್ಕೆ, ಎಂಟಕ್ಕೆ ತಿರುಗಿಸಿದಳು. ಅಸಲಿ ಎಂಟು. ಒಂದು ಸಲ ಅವನ ಮುಖ ನೋಡಿ ಹತ್ತಕ್ಕೂ ತಿರುಗಿಸಿದಳು. ಷಟರಿನ ಕೆಳಗಿಂದ ಬಗ್ಗಿ, "ಟೈಲರಣ್ಣಾ, ಒಂದರ್ಧ ಗಂಟೆ ಊಟಕ್ಕೆ ಹೋಗಿ ಬನ್ನಿ," ಎಂದು ಕೂಗಿದಳು. ಆಮೇಲೆ ತನ್ನ ಮಣೆಗೆ ಹೋಗಿ ಕೂತು, ಹತ್ತಿಯ ಉಂಡೆಯಿಂದ ಎರಡು ಚೂರು ಕಿತ್ತು, ಹೊಸೆದು, ಎರಡೂ ಕಿವಿಗೆ ತುರುಕಿಕೊಂಡಳು.

"ಹ್ಞೂಂ, ಬಾರಿಸಿ," ಎಂದಳು, ತನ್ನ ದನಿ ತನಗೇ ಕೇಳದವರ ಹಾಗೆ ಸ್ವಲ್ಪ ಜೋರಾಗಿ.

ಅವನು ಬಾರಿಸಿದ. ಮೊದಲು ಅದೇ ಪರೀಕ್ಷೆಯ ರಾಗ, ಅಭ್ಯಾಸಬಲದಿಂದ. ಹೊಳಪು ಕೇಳಿಸಿತು. ಮೊದಲಿನಷ್ಟಲ್ಲ, ಆದರೆ ಚಿಕ್ಕಮ್ಮನೇ, ಬೇರೆ ಯಾರೂ ಅಲ್ಲ. ಬೆರಳುಗಳು ಹಳೆಯ ದಾರಿಯೊಂದನ್ನು ಹಿಡಿದು ಹೊರಟವು. ಮೂವತ್ತು ವರ್ಷ ಬಾರಿಸದ ಒಂದು ಹಾಡು, ಮಧ್ಯೆ ಎರಡು ಕಡೆ ಮರೆತೂ ಹೋಗಿತ್ತು. ಹೆಂಡತಿ ತಲೆ ತಗ್ಗಿಸಿ ಲೋಹದ ಪಟ್ಟಿ ಉಜ್ಜುತ್ತಿದ್ದಳು, ಕಿವಿಯಲ್ಲಿ ಹತ್ತಿ.

ಯಾವಾಗಲೋ ಅವಳು ತಲೆಯೆತ್ತಿ ನೋಡಿದಾಗ ಅವನ ತುಟಿಗಳು ಅಲ್ಲಾಡುತ್ತಿದ್ದವು. ಅವನಿಗೆ ಗೊತ್ತಿರಲಿಲ್ಲ. ಅವಳು ಉಜ್ಜುವುದನ್ನು ನಿಲ್ಲಿಸಿ, ಹಲ್ಲು ಕಚ್ಚಿಕೊಂಡು, ಒಂದು ಕಿವಿಯ ಹತ್ತಿ ತೆಗೆದಳು.